ಗೋಡೆಯ ಹಳೆ ಕ್ಯಾಲೆಂಡರ್ ಎಸೆಯುವ ಮೊದಲು

ಮಂಗಳೂರು, ಉಡುಪಿ ಕಡೆಯ ಹೆಚ್ಚಿನ ಮನೆಗಳಲ್ಲಿ ಅಡುಗೆಮನೆಯ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಸೊಸೈಟಿಯವರು ಕೊಟ್ಟದ್ದೋ, ಜವಳಿ ಅಂಗಡಿಯವರು ಕೊಟ್ಟದ್ದೋ. ತಾರೀಖಿನ ಚೌಕಗಳ ಒಳಗೆ ಪೆನ್ನಿನಲ್ಲಿ ಗೀಚಿದ ಅಕ್ಷರಗಳಿರುತ್ತವೆ: ಗ್ಯಾಸ್ ಬದಲಿಸಿದ್ದು, ಹಾಲು ಬಾರದ್ದು, ಕೆಲಸದವರಿಗೆ ಕೊಟ್ಟ ಮುಂಗಡ, ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ, ಅಜ್ಜಿಯನ್ನು ಮತ್ತೆ ಕರೆತರಲು ಡಾಕ್ಟರು ಹೇಳಿದ ತಾರೀಖು. ಡಿಸೆಂಬರ್ ಕಳೆದ ಕೂಡಲೇ ಅದನ್ನು ಕೆಳಗಿಳಿಸಿ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುತ್ತೇವೆ. ಮನೆಯ ಒಂದು ವರ್ಷದ ಅತಿ ನಂಬಿಕೆಯ ದಾಖಲೆ ಹಾಗೆ ಹೋಗುತ್ತದೆ. ಅದೇ ವಾರ ಹೊಸ ಡೈರಿ ತೆರೆದು ಈ ವರ್ಷ ಏನೇನು ಆಗಬೇಕು ಎಂದು ಬರೆಯಲು ಕೂರುತ್ತೇವೆ, ಬರೀ ನೆನಪನ್ನು ನಂಬಿ.

ಹೊಸ ವರ್ಷದ ಯೋಜನೆ ಮಾರ್ಚಿ, ಏಪ್ರಿಲಿಗೆ ಕುಸಿದು ಬೀಳಲು ಮನಸ್ಸು ಗಟ್ಟಿಯಿಲ್ಲದ್ದು ಕಾರಣ ಎಂದು ಜನ ತಿಳಿದಿದ್ದಾರೆ. ಬಹುಮಟ್ಟಿಗೆ ಕಾರಣ ಬೇರೆ. ಹಿಂದಿನ ವರ್ಷ ಹಣ ಎಲ್ಲಿ ಹೋಯಿತು, ದಿನ ಎಲ್ಲಿ ಹೋಯಿತು, ಯಾವ ಕೆಲಸ ಯಾವ ತಾರೀಖಿಗೆ ಜಾರಿತು ಎಂಬುದರ ಲೆಕ್ಕವಿಲ್ಲದೆ ಯೋಜನೆ ಮಾಡಿರುತ್ತೇವೆ. ಆ ಲೆಕ್ಕ ತೆಗೆಯುವ ಕ್ರಮವನ್ನು ಇಲ್ಲಿ ವಿವರವಾಗಿ ಹೇಳಿದ್ದೇವೆ. ಬೇಕಾಗುವುದು ಮೂರು ಸಂಜೆ, ಹನ್ನೆರಡು ಹಾಳೆ, ಒಂದು ಪೆನ್ನು.

ನೆನಪು ಏಕೆ ಸಾಲದು

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜತೆಗಾರರು 1993ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಭಾಗವಹಿಸಿದವರು ಒಂದು ಸರದಿಯಲ್ಲಿ 14 ಡಿಗ್ರಿ ಸೆಲ್ಸಿಯಸ್‌ನ ಕೊರೆಯುವ ನೀರಿನಲ್ಲಿ 60 ಸೆಕೆಂಡು ಕೈ ಅದ್ದಿ ಇಟ್ಟರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು ಇಟ್ಟರು. ಆ 30 ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಲಾಗಿತ್ತು. ಎರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಉದ್ದದ ಸರದಿಯನ್ನು. ಒಟ್ಟು ನೋವು ಅದರಲ್ಲೇ ಜಾಸ್ತಿ. ಆದರೆ ಕೊನೆ ಸ್ವಲ್ಪ ಹಿತವಾಗಿತ್ತು, ಮನಸ್ಸು ಹಿಡಿದಿಟ್ಟುಕೊಂಡದ್ದು ಅದನ್ನೇ. ಎಷ್ಟು ಹೊತ್ತು ನಡೆಯಿತು ಎಂಬುದನ್ನು ನೆನಪು ಲೆಕ್ಕಕ್ಕೆ ಇಡುವುದಿಲ್ಲ. ಅತಿ ತೀವ್ರವಾದ ಗಳಿಗೆ ಮತ್ತು ಕೊನೆ, ಇವೆರಡನ್ನೇ ಇಡುತ್ತದೆ.

ವರ್ಷದ ವಿಷಯದಲ್ಲೂ ಹೀಗೆಯೇ. ಆಟಿಯಲ್ಲಿ (ಜುಲೈ, ಆಗಸ್ಟಿನ ಮಳೆಯ ತುಳು ತಿಂಗಳು) ಕೈಯಲ್ಲಿ ಕಾಸಿಲ್ಲದೆ ಚಿನ್ನ ಅಡವಿಟ್ಟ ಮನೆಯವರಿಗೂ ಡಿಸೆಂಬರಿನಲ್ಲಿ ಅಡಿಕೆಗೆ ಒಳ್ಳೆಯ ರೇಟು ಸಿಕ್ಕರೆ ವರ್ಷ ಚೆನ್ನಾಗಿತ್ತು ಅನಿಸುತ್ತದೆ. ಚಿನ್ನ ಅಡವಿಡಬೇಕಾಗಿ ಬಂದ ಕಾರಣ ಹಾಗೆಯೇ ಉಳಿದು, ಬರುವ ಆಟಿಗೆ ಮತ್ತೆ ಬಾಗಿಲಿಗೆ ಬರುತ್ತದೆ. ವರ್ಷದ ಕೊನೆಗೆ ಒಂದು ಸಾವೋ ಅಪಘಾತವೋ ಆದ ಮನೆಯಲ್ಲಿ ಇದರ ತಿರುಗುಮುರುಗು: ಹತ್ತು ತಿಂಗಳು ಸರಿಯಾಗಿ ನಡೆದ ವ್ಯವಸ್ಥೆಯನ್ನೂ ಜನ ಕೆಡವಿ ಹೊಸತು ಕಟ್ಟಲು ಹೊರಡುತ್ತಾರೆ.

ಯಾವ ವರ್ಷದ ಲೆಕ್ಕ?

ಜನವರಿ 1ಕ್ಕೆ ಸರಿಯಾಗಿ ಕರಾವಳಿಯಲ್ಲಿ ಯಾವ ಕೆಲಸವೂ ಮುಗಿದಿರುವುದಿಲ್ಲ. ಅಡಿಕೆ ಕೊಯ್ಲು ನಡುವಿನಲ್ಲಿರುತ್ತದೆ, ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ರಂಗೇರುವ ಹೊತ್ತು. ಮಕ್ಕಳಿಗೆ ಪರೀಕ್ಷೆ ಮುಂದಿದೆ. ಅರ್ಧ ಬೆಂದ ಅನ್ನದ ರುಚಿ ನೋಡಿದರೆ ಏನು ಗೊತ್ತಾಗುತ್ತದೆ?

ಒಳ್ಳೆಯ ದಿನ ಆರಿಸಲು ಎರಡು ಪರೀಕ್ಷೆ ಸಾಕು. ಹಿಂದಿನ ಸುತ್ತಿನ ಫಲಿತಾಂಶ ಕೈಗೆ ಬಂದಿರಬೇಕು. ಮುಂದಿನ ಸುತ್ತಿನ ಮೊದಲ ದೊಡ್ಡ ಖರ್ಚೋ ತೀರ್ಮಾನವೋ ಇನ್ನೂ ಆಗಿರಬಾರದು. ಯಾಂತ್ರಿಕ ಬೋಟಿನವರಿಗೆ ಈ ಎಡೆ ಸಲೀಸಾಗಿ ಸಿಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಬೋಟು ದಕ್ಕೆಯಲ್ಲಿರುವ ಜೂನ್ ಮೊದಲ ವಾರವೇ ಲೆಕ್ಕಕ್ಕೆ ಸರಿಯಾದ ಸಮಯ. ಜುಲೈ ಕೊನೆಗೆ ಕೂತರೆ ಬಲೆ, ಎಂಜಿನ್, ಸಾಲದ ತೀರ್ಮಾನಗಳೆಲ್ಲ ಆಗಿ ಹೋಗಿರುತ್ತವೆ. ಕೋಲ, ಭಜನೆ, ಯಕ್ಷಗಾನ ಸಂಘಗಳವರಿಗೆ ಪತ್ತನಾಜೆ ಇದೆ, ತುಳು ಬೇಷ ತಿಂಗಳ ಹತ್ತನೇ ದಿನ, ಸಾಮಾನ್ಯವಾಗಿ ಮೇ 24. ಅಂದಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ಋತುವಿನ ಖರ್ಚುವೆಚ್ಚ ಪೂರ್ತಿ ಗೊತ್ತಿರುತ್ತದೆ.

ಉಳಿದ ಮನೆಗಳಿಗೆ ನಾವು ಹೇಳುವುದು ಏಪ್ರಿಲ್ 1ರಿಂದ ಬಿಸುವಿನ ನಡುವಿನ ಎರಡು ವಾರ. ಸೌರಮಾನದ ನಮ್ಮ ಹೊಸ ವರ್ಷವಾದ ಬಿಸು ಏಪ್ರಿಲ್ 14 ಅಥವಾ 15ಕ್ಕೆ ಬೀಳುತ್ತದೆ. ಆ ಹೊತ್ತಿಗೆ ಬ್ಯಾಂಕಿನ ವರ್ಷ ಮುಗಿದು ಪಾಸ್‌ಪುಸ್ತಕದಲ್ಲಿ ಹನ್ನೆರಡು ತಿಂಗಳು ಪೂರ್ತಿಯಾಗಿ ಸಿಗುತ್ತವೆ. ಅಡಿಕೆಯ ಮುಖ್ಯ ಕೊಯ್ಲು ಮುಗಿದಿರುತ್ತದೆ. ಶಾಲೆಗೆ ರಜೆ, ದೂರ ಇದ್ದವರೂ ಕಣಿ ನೋಡಲು ಮನೆಗೆ ಬರುತ್ತಾರೆ. ಮಾಡಿನ (ಛಾವಣಿಯ) ರಿಪೇರಿ, ಶಾಲೆಯ ಫೀಸು, ತೋಟದ ಮದ್ದು, ಈ ಮೂರೂ ಇನ್ನೂ ಮುಂದೆ ಇರುತ್ತವೆ. ಹಾಗಾಗಿ ಹಳೆಯ ಕ್ಯಾಲೆಂಡರನ್ನು ಡಿಸೆಂಬರಿನಲ್ಲಿ ಎಸೆಯಬೇಡಿ. ಹೊಸದರ ಹಿಂದೆ ಅದೇ ಮೊಳೆಗೆ ಸಿಕ್ಕಿಸಿ ಇಡಿ. ಏಪ್ರಿಲ್‌ನಿಂದ ಡಿಸೆಂಬರ್ ಹಳೆಯದರಲ್ಲಿ, ಜನವರಿಯಿಂದ ಮಾರ್ಚ್ ಹೊಸದರಲ್ಲಿ.

ಮೊದಲ ಸಂಜೆ: ಹನ್ನೆರಡು ಹಾಳೆ

ತಿಂಗಳಿಗೊಂದರಂತೆ ಹನ್ನೆರಡು ಹಾಳೆ ತೆಗೆದುಕೊಂಡು ಪ್ರತಿಯೊಂದರಲ್ಲಿ ಮೂರು ಕಾಲಂ ಗೀರಿ: ನಡೆದದ್ದು, ಹಣ, ಆರೋಗ್ಯ ಮತ್ತು ಸಮಯ. ಈ ಸಂಜೆ ಬರೆಯುವುದು ನಡೆದ ಸಂಗತಿಯನ್ನು ಮಾತ್ರ. "ಜುಲೈ 9: ಪಂಪು ಸುಟ್ಟಿತು, 4 ದಿನ ನೀರಿಲ್ಲ" ಎಂಬುದು ಸಂಗತಿ. "ಪಂಪಿನ ವಿಷಯದಲ್ಲಿ ಉದಾಸೀನ ಮಾಡಿದೆವು" ಎಂಬುದು ತೀರ್ಪು, ಅದು ನಾಳೆಗಿರಲಿ. ಸಂಗತಿ, ತೀರ್ಪು ಒಟ್ಟಿಗೆ ಬರೆಯತೊಡಗಿದರೆ ನಾಲ್ಕನೇ ಹಾಳೆಗೆ ಯಾರಾದರೊಬ್ಬರು ಮುನಿಸಿಕೊಂಡು ಎದ್ದು ಹೋಗುತ್ತಾರೆ.

ಕ್ಯಾಲೆಂಡರಿನಿಂದ ಶುರುಮಾಡಿ. ಆಮೇಲೆ ಮೊಬೈಲಿನ ಫೋಟೋಗಳು, ತಿಂಗಳಿಗೆ ಮೂರು ನಿಮಿಷದಂತೆ. ಹೆಚ್ಚು ಹೊತ್ತು ನೋಡಿದರೆ ಅಲ್ಲೇ ಮುಳುಗಿ ಹೋಗುತ್ತೀರಿ. ಫೋಟೋಗಳಿಗೆ ಒಂದು ದೋಷವಿದೆ. ಮದುವೆ, ನಾಮಕರಣ, ಮಲ್ಪೆ ಬೀಚು ಅಲ್ಲಿರುತ್ತವೆ. ಆಸ್ಪತ್ರೆಯ ಬೆಂಚಿನಲ್ಲಿ ಕಳೆದ ರಾತ್ರಿ, ಸರಕಾರಿ ಕಚೇರಿಗೆ ಐದು ಸಲ ಅಲೆದದ್ದು ಇರುವುದಿಲ್ಲ. ಈ ಕೊರತೆ ತುಂಬಲು ಆಸ್ಪತ್ರೆಯ ಫೈಲು, ಬ್ಯಾಂಕಿನ ಸ್ಟೇಟ್‌ಮೆಂಟು ಬೇಕು. ಹಣ ಹೋದಲ್ಲೆಲ್ಲ ಒಂದು ತಾರೀಖು ಉಳಿದಿರುತ್ತದೆ.

ಮೆಸ್ಕಾಂನ ಕರೆಂಟು ಬಿಲ್ಲು ಇದ್ದರೆ ಮೊತ್ತ ಬಿಟ್ಟು ಯೂನಿಟ್ ನೋಡಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ ಇರುತ್ತದೆ, ಏನೂ ಬದಲಾಗಿಲ್ಲ ಅನಿಸುತ್ತದೆ. ಯೂನಿಟ್ ಮಾತ್ರ ತಿಂಗಳಿಂದ ತಿಂಗಳಿಗೆ ಏರಿದ್ದರೆ ಹಳೆಯ ಫ್ರಿಜ್ಜೋ, ಸೋರುವ ಟ್ಯಾಂಕಿಗೆ ದಿನವಿಡೀ ನೀರೆತ್ತುವ ಪಂಪೋ ಕಾರಣವಿರಬಹುದು.

ಹಣದ ಕಾಲಂ ಸ್ವಲ್ಪ ತಾಳ್ಮೆ ಬೇಡುತ್ತದೆ. ತಿಂಗಳು ತಿಂಗಳು ಬರುವ ಖರ್ಚನ್ನು (ಜೀನಸು, ಹಾಲು, ಪೆಟ್ರೋಲು, ಫೋನು) ಬಿಡಿಬಿಡಿಯಾಗಿ ಬರೆಯುವ ಅಗತ್ಯವಿಲ್ಲ, ಒಟ್ಟು ಮೊತ್ತ ಸಾಕು. ಹುಡುಕಬೇಕಾದ್ದು ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವ ಖರ್ಚುಗಳನ್ನು. ಮನೆಯ ಲೆಕ್ಕ ತಪ್ಪಿಸುವುದು ಇವೇ. ಮಾದರಿಗೆ ಒಂದು ಲೆಕ್ಕ: ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮು 32,000, ಜೀವವಿಮೆ ಮತ್ತು ಗಾಡಿಯ ವಿಮೆ 18,000, ಮಳೆಗೆ ಮೊದಲು ಹಂಚು ಸರಿಮಾಡಿಸಿದ್ದು 9,000, ದೈವಸ್ಥಾನದ ವಂತಿಗೆ, ತಂಬಿಲ, ಮನೆಯ ಪೂಜೆ 14,000, ಮದುವೆಗಳ ಉಡುಗೊರೆ ಮತ್ತು ಓಡಾಟ 12,000, ಪಂಪು, ಮಿಕ್ಸಿ, ಇನ್ವರ್ಟರ್ ರಿಪೇರಿ 11,000. ಕೂಡಿದರೆ 96,000 ರೂಪಾಯಿ. ಇದರಲ್ಲಿ ಶಾಲೆ, ಹಂಚು, ಮದುವೆ ಸೇರಿ 53,000 ಏಪ್ರಿಲ್‌ನಿಂದ ಜೂನ್ ಒಳಗೇ ಬೇಕಾಗುತ್ತದೆ. ಈ ಮೂರು ತಿಂಗಳ ಬಿಸಿಯನ್ನು ಪ್ರತಿ ವರ್ಷ "ಈ ಸಲ ಎಲ್ಲ ಒಟ್ಟಿಗೆ ಬಂತು" ಎಂದು ಹೇಳುವುದು ರೂಢಿ. ಒಟ್ಟಿಗೆ ಬರುವುದೇ ಅದರ ಕ್ರಮ. ಪ್ರತಿ ವರ್ಷ ತಪ್ಪದೆ ಬರುವ ಖರ್ಚಿಗೆ ಅನಿರೀಕ್ಷಿತ ಎಂದು ಹೆಸರಿಡುವುದನ್ನು ನಿಲ್ಲಿಸಿದರೆ ಅರ್ಧ ಸಾಲ ತಪ್ಪುತ್ತದೆ.

96,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,000, ದಿನಕ್ಕೆ ಸುಮಾರು 265 ರೂಪಾಯಿ. ಸಂಬಳದವರು ತಿಂಗಳಿಗೊಮ್ಮೆ ಬೇರೆ ಖಾತೆಗೆ ಹಾಕಬಹುದು. ಅಂಗಡಿ, ಹೋಟೆಲು, ರಿಕ್ಷಾದವರಿಗೆ ದಿನದ ಲೆಕ್ಕವೇ ಹೊಂದುತ್ತದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿದ್ದು ಇದೇ ತಿಳಿವಳಿಕೆಯಿಂದ: ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಎಂಬ ಮಾತು ಇಲ್ಲಿನ ಸೊಸೈಟಿಗಳಲ್ಲಿ ಇಂದಿಗೂ ಉಳಿದಿದೆ. ಒಂದು ಎಚ್ಚರ: ಮೊದಲ ವರ್ಷ ಏಪ್ರಿಲಿನಲ್ಲಿ ಶುರುಮಾಡಿದರೆ ಜೂನ್ ಖರ್ಚಿಗೆ ಕೂಡಿದ್ದು 24,000 ಮಾತ್ರ. ಉಳಿದದ್ದನ್ನು ಆ ಒಂದು ಸಲ ಬೇರೆಡೆಯಿಂದ ಹೊಂದಿಸಲೇಬೇಕು. ಈ ವಿಷಯ ಮೊದಲೇ ತಿಳಿಯದವರು ಜೂನ್‌ನಲ್ಲಿ ಖಾತೆ ಖಾಲಿ ನೋಡಿ ಕೈಬಿಡುತ್ತಾರೆ.

ಎರಡು ತಾಸು ಆದ ಮೇಲೆ ನಿಲ್ಲಿಸಿ. ಹಾಳೆಗಳನ್ನು ಎದುರು ಹರಡಿಕೊಂಡು ಅದೇ ರಾತ್ರಿ ಯೋಜನೆಗೆ ಇಳಿಯಬೇಡಿ. ದಣಿದ ತಲೆ ಕೊನೆಗೆ ನೋಡಿದ ಹಾಳೆಗೇ ಜೋತು ಬೀಳುತ್ತದೆ.

ಎರಡನೆಯ ಸಂಜೆ: ಯಾಕೆ ಹೀಗಾಯಿತು

ಅಮೆರಿಕದ ಸೈನ್ಯದಲ್ಲಿ ಪ್ರತಿ ಕವಾಯತಿನ ನಂತರ ನಾಲ್ಕು ಪ್ರಶ್ನೆ ಕೇಳಿಕೊಳ್ಳುವ ಪದ್ಧತಿಯಿದೆ. ಏನಾಗಬೇಕಿತ್ತು? ಏನಾಯಿತು? ಇವೆರಡರ ನಡುವಿನ ಅಂತರಕ್ಕೆ ಕಾರಣವೇನು? ಮುಂದಿನ ಸಲ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬದಲಿಸುವುದು? ಮನೆಗೂ ತೋಟಕ್ಕೂ ಇವೇ ಸಾಕು. ಕಷ್ಟ ಇರುವುದು ಮೂರನೆಯದರಲ್ಲಿ. ಅಲ್ಲಿ ನಾವೆಲ್ಲ ಮೊದಲು ಸಿಕ್ಕ ಕಾರಣಕ್ಕೆ ನಿಂತುಬಿಡುತ್ತೇವೆ.

ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಎಳೆ ಅಡಿಕೆ ಉದುರಿ ತೋಟದ ನೆಲ ತುಂಬಿದ ವರ್ಷ ಯಾರನ್ನು ಕೇಳಿದರೂ ಉತ್ತರ ಒಂದೇ, ಮಳೆ ಜಾಸ್ತಿ. ಸುಳ್ಳಲ್ಲ. ರೋಗಕ್ಕೆ ಕಾರಣವಾದ ಫೈಟೋಫ್ತೋರಾ ಎಂಬ ಜೀವಿ ಬೆಳೆಯುವುದೇ ಬಿಡದ ಮಳೆ, ತಂಪಿನಲ್ಲಿ. ಆದರೆ ಮಳೆ ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಈ ಉತ್ತರದಿಂದ ಮುಂದಿನ ವರ್ಷಕ್ಕೆ ಪ್ರಯೋಜನವಿಲ್ಲ. ಹಾಳೆಗಳಲ್ಲಿರುವ ತಾರೀಖುಗಳನ್ನು ಹಿಡಿದು ಇನ್ನೂ ಕೆಳಗೆ ಹೋಗಬೇಕು.

ಮೊದಲ ಸಿಂಪಡಣೆ ಯಾವಾಗ ಆಯಿತು? ಮುಂಗಾರು ಹಿಡಿಯುವ ಮೊದಲು, ಮೇ ಕೊನೆಗೋ ಜೂನ್ ಮೊದಲಿಗೋ ಆಗಬೇಕಿತ್ತು. ಕ್ಯಾಲೆಂಡರಿನಲ್ಲಿ ಜೂನ್ 20 ಎಂದಿದ್ದರೆ ಮಳೆ ಶುರುವಾಗಿ ಎರಡು ವಾರ ಗೊನೆಗಳು ರಕ್ಷಣೆಯಿಲ್ಲದೆ ನಿಂತಿದ್ದವು. ತಡವಾದದ್ದು ಯಾಕೆ? ಮರ ಹತ್ತುವವರು ಸಿಗಲಿಲ್ಲ. ಅವರಿಗೆ ಹೇಳಿದ್ದು ಯಾವಾಗ? ಮೇ 25ಕ್ಕೆ. ಊರಿನ ಎಲ್ಲ ತೋಟದವರೂ ಅದೇ ವಾರ ಅವರನ್ನು ಹುಡುಕುತ್ತಾರೆ. ಎರಡನೇ ಸಿಂಪಡಣೆಗೂ ಮೊದಲನೆಯದಕ್ಕೂ ಎಷ್ಟು ದಿನದ ಅಂತರ? 40ರಿಂದ 45 ದಿನ ಇರಬೇಕಾದಲ್ಲಿ 60 ದಾಟಿದ್ದರೆ ಆಟಿಯ ಜಡಿಮಳೆಯಲ್ಲಿ ಮದ್ದಿನ ಪೊರೆ ತೊಳೆದು ಹೋಗಿ ಎಷ್ಟೋ ದಿನವಾಗಿರುತ್ತದೆ.

ಇನ್ನು ಮದ್ದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ ಕೂಡಿಸುವುದು, ಅಂದೇ ಬಳಸಿ ಮುಗಿಸುವುದು. ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ತೂಕ ಸರಿಯಿದ್ದರೂ ದ್ರಾವಣ ಸರಿಯಾಗುವುದಿಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಈ ಪರೀಕ್ಷೆಗೆ ಖರ್ಚೇನೂ ಇಲ್ಲ. ಕಳೆದ ವರ್ಷ ಮಾಡಿದ್ದಿರಾ?

ನೋಡಿ, "ಮಳೆ ಜಾಸ್ತಿ" ಎಂಬಲ್ಲಿಂದ ಹೊರಟು ಮೂರು ಕೆಲಸಗಳಿಗೆ ಬಂದೆವು: ಬಿಸುವಿಗೇ ಮರ ಹತ್ತುವವರಿಗೆ ಮುಂಗಡ ಕೊಟ್ಟು ತಾರೀಖು ನಿಗದಿ ಮಾಡುವುದು, ಮೊದಲ ಸಿಂಪಡಣೆ ಆದ ದಿನವೇ ಎರಡನೆಯದರ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು, ಪ್ರತಿ ಸಲ ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದು. ಯಾವುದೇ ಸೋಲಿನ ಕಾರಣವನ್ನು ಒಬ್ಬ ಮನುಷ್ಯ ಒಂದು ದಿನ ಕೈಯಾರೆ ಮಾಡಬಹುದಾದ ಕೆಲಸದ ಮಟ್ಟಕ್ಕೆ ಇಳಿಸುವವರೆಗೂ ಯಾಕೆ ಎಂದು ಕೇಳುತ್ತಿರಿ. ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದದ್ದಕ್ಕೂ ಇದು ನಡೆಯುತ್ತದೆ. "ಓದುವುದಿಲ್ಲ" ಎಂಬಲ್ಲಿ ನಿಲ್ಲಬೇಡಿ. ಸಂಜೆಯ ಬಸ್ಸು ಮನೆ ತಲುಪುವುದು ಎಷ್ಟು ಗಂಟೆಗೆ, ಊಟ ಎಷ್ಟಕ್ಕೆ, ನಡುವೆ ಉಳಿದದ್ದು ಎಷ್ಟು ನಿಮಿಷ ಎಂದು ನೋಡಿ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ, ಅದು ಇನ್ನೂ ನೋವು ಕೊಡುವಂಥದ್ದು. ಆದದ್ದು ಗೊತ್ತಾದ ಮೇಲೆ, ಅದು ಮೊದಲೇ ಗೊತ್ತಿತ್ತು ಅನಿಸುತ್ತದೆ. ಬರೂಖ್ ಫಿಶ್‌ಹಾಫ್ 1975ರಲ್ಲಿ ಇದನ್ನು ತೋರಿಸಿದರು. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧದ ವಿವರ ಕೊಟ್ಟು, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಫಲಿತಾಂಶ ಹೇಳಿದಾಗ, ಪ್ರತಿ ಗುಂಪಿಗೂ ತಾವು ಕೇಳಿದ ಫಲಿತಾಂಶವೇ ಆಗುವ ಸಂಭವ ಹೆಚ್ಚಿತ್ತು ಎಂದು ಕಂಡಿತು. ಮನೆಯಲ್ಲಿ ಇದು "ಆಗಲೇ ಹೇಳಿದ್ದೆ ನಾನು" ಎಂಬ ಮಾತಾಗಿ ಹೊರಬರುತ್ತದೆ. ಅದಕ್ಕೇ ಪ್ರತಿ ದೊಡ್ಡ ತೀರ್ಮಾನದ ಎದುರು ಎರಡು ಸಾಲು ಬರೆಯಿರಿ: ಆ ದಿನ ನಮಗೆ ಗೊತ್ತಿದ್ದದ್ದೇನು, ಸುಲಭವಾಗಿ ತಿಳಿದುಕೊಳ್ಳಬಹುದಾಗಿದ್ದದ್ದೇನು. ನವೆಂಬರಿನಲ್ಲಿ ಅಂಗಳದಲ್ಲಿ ಮದುವೆ ಇಟ್ಟು ಅಕಾಲ ಮಳೆ ಬಂದದ್ದು ತಪ್ಪು ತೀರ್ಮಾನವಲ್ಲ, ಬಂದ ಕಷ್ಟ. ಜೂನ್ ಎರಡನೇ ವಾರ ಇಟ್ಟದ್ದಾದರೆ ಅದು ತೀರ್ಮಾನದ ತಪ್ಪು. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಒಳ್ಳೆಯ ಪದ್ಧತಿಯನ್ನು ಬಿಟ್ಟು, ಕೆಟ್ಟದನ್ನು ಅದೃಷ್ಟದಿಂದ ಗೆದ್ದಿತೆಂದು ಮುಂದುವರಿಸುತ್ತೇವೆ.

ಒಟ್ಟಿಗೆ ಕೂತು ಮಾತಾಡುವ ಬಗೆ

ಎಲ್ಲರೂ ಒಮ್ಮೆಲೇ ಮಾತಿಗೆ ತೊಡಗಿದರೆ ಮನೆಯ ಹಿರಿಯರು ಹೇಳಿದ್ದೇ ವರ್ಷದ ಇತಿಹಾಸವಾಗುತ್ತದೆ. ಮೊದಲ ಹದಿನೈದು ನಿಮಿಷ ಪ್ರತಿಯೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಮೂರು ವಿಷಯ ಬರೆಯಲಿ: ಈ ವರ್ಷ ಸಲೀಸಾಗಿ ನಡೆದದ್ದು, ಬಹಳ ದಣಿಸಿದ್ದು, ಮುಂದಿನ ವರ್ಷ ಬೇಡವಾದದ್ದು. ಓದುವಾಗ ಕಿರಿಯರಿಂದ ಶುರುವಾಗಲಿ. ಅಪ್ಪ ಮಾತಾಡಿದ ಮೇಲೆ ಹತ್ತನೇ ತರಗತಿಯ ಹುಡುಗ ತನ್ನ ಮಾತು ತಿದ್ದಿಕೊಳ್ಳುತ್ತಾನೆ, ಸೊಸೆ ನುಂಗಿಕೊಳ್ಳುತ್ತಾಳೆ. ಬರೆಯಲು ಬಾರದ ಅಜ್ಜಿಯ ಮಾತನ್ನು ಯಾರಾದರೂ ಅವರು ಹೇಳಿದಂತೆಯೇ ಬರೆದುಕೊಳ್ಳಿ.

"ಬಹಳ ದಣಿಸಿದ್ದು" ಎಂಬ ಚೀಟಿಗಳನ್ನು ಎಚ್ಚರದಿಂದ ಓದಬೇಕು. ಮನೆಯ ಹೆಂಗಸರ ಕೆಲಸ ಪಾಸ್‌ಪುಸ್ತಕದಲ್ಲೂ ಫೋಟೋದಲ್ಲೂ ಬರುವುದಿಲ್ಲ. ವರ್ಷದಲ್ಲಿ ಮನೆಗೆ ನೆಂಟರು ಬಂದು ಉಳಿದ ದಿನಗಳೆಷ್ಟು, ಅಡಿಕೆ ಸುಲಿಯುವವರಿಗೆ ಚಾ, ಊಟ ಮಾಡಿದ ದಿನಗಳೆಷ್ಟು, ಹಾಸಿಗೆ ಹಿಡಿದವರ ಆರೈಕೆಗೆ ಹೋದ ರಾತ್ರಿಗಳೆಷ್ಟು ಎಂದು ಮೂರನೆಯ ಕಾಲಂನಲ್ಲಿ ಎಣಿಸಿ ಬರೆಯಿರಿ. ಸಂಖ್ಯೆ ಕಣ್ಣೆದುರು ಬಂದರೆ ಕೆಲಸ ಹಂಚಿಕೊಳ್ಳುವ ಮಾತು ಬೇಡಿಕೆಯಾಗಿ ಉಳಿಯುವುದಿಲ್ಲ, ಲೆಕ್ಕವಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ಮೂರು ಸಂಜೆಯ ಅತಿ ಮುಖ್ಯ ಭಾಗ ಇದು.

ಸಲೀಸಾಗಿ ನಡೆದದ್ದಕ್ಕೂ ಕಾರಣ ಕೇಳಿ. ಈ ಸಲ ಮಳೆಗಾಲಕ್ಕೆ ಕಟ್ಟಿಗೆ ಸಾಲದೆ ಹೋಗಲಿಲ್ಲವೆಂದರೆ ಯಾರೋ ಫೆಬ್ರವರಿಯಲ್ಲೇ ಒಟ್ಟಿ ಇಟ್ಟಿದ್ದಾರೆ. ಅವರ ಹೆಸರೂ ತಿಂಗಳೂ ಹಾಳೆಗೆ ಬರಬೇಕು.

ಮೂರನೆಯ ಸಂಜೆ: ಮುಂದಿನ ವರ್ಷ

ಈಗ ಯೋಜನೆ. ಇಲ್ಲಿ ಎಲ್ಲರೂ ಮಾಡುವ ತಪ್ಪಿಗೆ ಪ್ಲಾನಿಂಗ್ ಫ್ಯಾಲಸಿ (ಯೋಜನೆಯ ಭ್ರಮೆ) ಎಂಬ ಹೆಸರೂ ಇದೆ, ಅಳತೆಯೂ ಇದೆ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಬೇಕೆಂದು ಅಂದಾಜಿಸಿದರು; ಹಿಡಿದದ್ದು ಸರಾಸರಿ 55 ದಿನ. ಎಲ್ಲವೂ ಕೆಟ್ಟುಹೋದರೆ ಎಷ್ಟು ದಿನ ಬೇಕು ಎಂದು ಕೇಳಿದಾಗ ಅವರು ಹೇಳಿದ್ದು ಸರಾಸರಿ 49 ದಿನವೂ ಇಲ್ಲ. ಅಂದಾಜು ಮಾಡುವಾಗ ಕೆಲಸವನ್ನು ಮನಸ್ಸಿನಲ್ಲೇ ಹೆಜ್ಜೆ ಹೆಜ್ಜೆಯಾಗಿ ಮಾಡಿ ಮುಗಿಸುತ್ತೇವೆ. ಅದರಲ್ಲಿ ಜ್ವರ, ಬಂದ್, ಮೇಸ್ತ್ರಿಯ ಮನೆಯ ಮದುವೆ ಇರುವುದಿಲ್ಲ. ಇದರ ಮದ್ದು ನಿಮ್ಮ ಹನ್ನೆರಡು ಹಾಳೆಗಳಲ್ಲಿದೆ. "ಬಚ್ಚಲುಮನೆ ಕಟ್ಟಲು ಎಷ್ಟು ದಿನ ಬೇಕು" ಎಂದು ಕೇಳಬೇಡಿ. "ಹೋದ ಸಲ ಕೊಟ್ಟಿಗೆಗೆ ಎಷ್ಟು ದಿನ ಹಿಡಿಯಿತು" ಎಂದು ಕೇಳಿ ಅದನ್ನೇ ಬರೆಯಿರಿ.

ಆಮೇಲೆ ಕೊನೆಯಿಂದ ಹಿಂದಕ್ಕೆ ಎಣಿಸಿ. ಉಡುಪಿಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಮುಂದಿನದಕ್ಕೆ ಹೋಗುವ ದಿನ. ಸರದಿಯ ಮಠದವರು ಸರ್ವಜ್ಞ ಪೀಠ ಏರುವ ಎಷ್ಟೋ ತಿಂಗಳ ಮೊದಲೇ ಬಾಳೆ ಮುಹೂರ್ತ ನಡೆಯುತ್ತದೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ನೆಟ್ಟ ಬಾಳೆ ಗೊನೆ ಹಾಕಿ ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು, ಆದ್ದರಿಂದ ಅದು ಮೊದಲು. ಕಟ್ಟಿಗೆಯನ್ನು ರಥದ ಆಕಾರಕ್ಕೆ ಒಟ್ಟುವುದೂ ಒಂದು ದಿನದ ಕೆಲಸವಲ್ಲ. ದಿನಕ್ಕೆ ಸಾವಿರಾರು ಜನ ಉಣ್ಣುವ ಎರಡು ವರ್ಷದ ವ್ಯವಸ್ಥೆಗೆ ಹೀಗೆ ಹೆಚ್ಚು ಕಾಲ ಬೇಡುವುದನ್ನು ಮೊದಲು ಹಿಡಿದು ಬಂದಿದ್ದಾರೆ.

ಮನೆಯ ಮಾಡು, ಗೋಡೆಯ ಕೆಲಸಕ್ಕೆ ಇದನ್ನು ಅನ್ವಯಿಸಿ ನೋಡಿ. ಮುಂಗಾರು ಜೂನ್ ಮೊದಲ ವಾರಕ್ಕೆ ಎಂದಿಟ್ಟುಕೊಂಡರೆ ಮುಗಿಸುವ ಗಡುವು ಮೇ 15. ಪೂರ್ವ ಮುಂಗಾರಿನ ಗುಡುಗು ಮಳೆಗೆ ಎಡೆ ಬಿಡಬೇಕು. ಗಾರೆ, ಕಾಂಕ್ರೀಟು ಗಟ್ಟಿಯಾಗಲು ದಿನವೂ ನೀರು ಹಾಯಿಸಬೇಕು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ; ಒಣ ವರ್ಷಗಳಲ್ಲಿ ಏಪ್ರಿಲ್, ಮೇಯಲ್ಲಿ ಸರದಿಯಂತೆ ನೀರು ಬಿಡುತ್ತಾರೆ, ಬಾವಿಗಳೂ ತಳ ಕಾಣುತ್ತವೆ. ಆದ್ದರಿಂದ ನೀರು ಬೇಡುವ ಕೆಲಸ ಫೆಬ್ರವರಿ ಒಳಗೆ ಮುಗಿಯಬೇಕು. ಹಾಗಾದರೆ ಮೇಸ್ತ್ರಿಗೆ ಹೇಳುವುದು ದೀಪಾವಳಿಗೆ, ಹಣ ಹೊಂದಿಸಿಕೊಳ್ಳುವುದು ಸೋಣ ತಿಂಗಳಿಂದ (ಆಗಸ್ಟ್, ಸೆಪ್ಟೆಂಬರ್). ಬಾವಿಯ ಕೆಸರು ತೆಗೆಸುವುದು ಮಾತ್ರ ನೀರು ತಳಕ್ಕಿಳಿದ ಏಪ್ರಿಲ್, ಮೇಯಲ್ಲೇ. ಏಪ್ರಿಲ್‌ನಲ್ಲಿ ಕೂತು "ಈ ಬೇಸಗೆಯಲ್ಲೇ ಕಟ್ಟಿಸಿಬಿಡುವ" ಎಂದು ಹೊರಟವರ ಮನೆಯ ಸಿಮೆಂಟು ಚೀಲಗಳು ಜೂನ್ ಮಳೆಯಲ್ಲಿ ಕಲ್ಲಾಗುತ್ತವೆ.

ವರ್ಷಕ್ಕೆ ಹನ್ನೆರಡು ತಿಂಗಳೆಂದು ಯೋಜನೆ ಹಾಕಬೇಡಿ. ಹೊರಗಿನ ಕೆಲಸಕ್ಕೆ ಮಳೆಯ ನಾಲ್ಕು ತಿಂಗಳು ತೆಗೆದುಬಿಡಿ. ಉಳಿದದ್ದರಲ್ಲೂ ಹೋದ ವರ್ಷ ಕಾಯಿಲೆ, ಸೂತಕ, ಮದುವೆಗಳಿಗೆ ಎಷ್ಟು ದಿನ ಹೋಯಿತು ಎಂದು ಮೂರನೆಯ ಕಾಲಂನಿಂದ ಎಣಿಸಿ ಕಳೆಯಿರಿ. ಉಳಿದಷ್ಟರಲ್ಲಿ ದೊಡ್ಡ ಕೆಲಸ ಮೂರಕ್ಕಿಂತ ಹೆಚ್ಚು ಹಿಡಿಯುವುದು ಅಪರೂಪ. ಮೂರು ಆರಿಸಿ, ನಾಲ್ಕನೆಯದನ್ನು "ಈ ವರ್ಷ ಇಲ್ಲ" ಎಂದು ಬರೆದು ಎಲ್ಲರಿಗೂ ತಿಳಿಸಿ. ಇಲ್ಲ ಎಂದು ಬರೆಯದೆ ಬಿಟ್ಟದ್ದು ಅಕ್ಟೋಬರಿನಲ್ಲಿ ಹಣ ಕೇಳುತ್ತ ಬರುತ್ತದೆ.

ಪ್ರತಿ ಕೆಲಸವನ್ನೂ ಯಾವಾಗ, ಎಲ್ಲಿ ಎಂಬುದಕ್ಕೆ ಕಟ್ಟಿ ಬರೆಯಿರಿ. "ಆರೋಗ್ಯ ನೋಡಿಕೊಳ್ಳಬೇಕು" ಎಂದರೆ ಯಾರೂ ಏನೂ ಮಾಡುವುದಿಲ್ಲ. "ಪ್ರತಿ ತಿಂಗಳ ಮೊದಲ ಸೋಮವಾರ ಹಾಲು ತರಲು ಹೋದಾಗ ಅಲ್ಲೇ ಪಕ್ಕದ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆ" ಎಂದರೆ ಕಾಲು ತಾನೇ ಅತ್ತ ಹೋಗುತ್ತದೆ. ಹೀಗೆ ಇಂಥ ಸಂದರ್ಭ ಬಂದಾಗ ಇಂಥದ್ದು ಎಂದು ಮೊದಲೇ ಗೊತ್ತುಮಾಡಿದ ಕೆಲಸ ನೆರವೇರುವ ಸಂಭವ ಹೆಚ್ಚೆಂದು ಜರ್ಮನಿಯ ಪೀಟರ್ ಗೋಲ್ವಿಟ್ಸರ್ ತಮ್ಮ ಅಧ್ಯಯನಗಳಲ್ಲಿ ತೋರಿಸಿದ್ದಾರೆ. ತಾರೀಖುಗಳನ್ನು ಡೈರಿಯಲ್ಲಿ ಅಡಗಿಸಬೇಡಿ, ಗೋಡೆಯ ಕ್ಯಾಲೆಂಡರಿನಲ್ಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ನಡುವೆ ಎರಡು ಸಲ, ಆಗಸ್ಟ್ ಮೊದಲ ವಾರ ಮತ್ತು ದೀಪಾವಳಿಯ ಹೊತ್ತಿಗೆ, ಇಪ್ಪತ್ತು ನಿಮಿಷ ಕೂತು ಯಾವುದು ಜಾರಿದೆ ನೋಡಿ. ಜಾರಿದ್ದನ್ನು ಮುಂದಿನ ತಿಂಗಳಿಗೆ ದೂಡುವ ಮೊದಲು ಜಾರಿದ ಕಾರಣವನ್ನು ಆ ಚೌಕದಲ್ಲೇ ಎರಡು ಶಬ್ದದಲ್ಲಿ ಬರೆದಿಡಿ. ಬರುವ ಬಿಸುವಿಗೆ ಹಾಳೆ ತುಂಬಲು ಅದು ಬೇಕಾಗುತ್ತದೆ.

ಹಳೆಯ ಕ್ಯಾಲೆಂಡರ್ ಈಗಾಗಲೇ ಬೈಂಡಾಗಿ ಹೋಗಿದ್ದರೆ ಇಡೀ ವರ್ಷವನ್ನು ನೆನಪಿನಿಂದ ಕಟ್ಟಲು ಹೋಗಬೇಡಿ. ಬ್ಯಾಂಕಿನ ಸ್ಟೇಟ್‌ಮೆಂಟಿನಿಂದ ವರ್ಷಕ್ಕೊಮ್ಮೆ ಬರುವ ಖರ್ಚುಗಳ ಪಟ್ಟಿ ತೆಗೆಯಿರಿ, ಕಳೆದ ಮೂರು ತಿಂಗಳಿಗೆ ಮಾತ್ರ ಹಾಳೆ ಬರೆಯಿರಿ. ಕ್ಯಾಲೆಂಡರಿಗೆ ನೂಲು ಕಟ್ಟಿ ಒಂದು ಪೆನ್ನು ತೂಗುಹಾಕಿ. ಪೆನ್ನು ಹುಡುಕಬೇಕಾದ ಮನೆಯಲ್ಲಿ ಯಾರೂ ಬರೆಯುವುದಿಲ್ಲ. ಇಂದಿನ ಚೌಕದಿಂದ ಶುರುಮಾಡಿ: ಗ್ಯಾಸ್ ಯಾವಾಗ ಬದಲಿಸಿದ್ದು, ಕೆಲಸದವರು ಎಷ್ಟು ಜನ ಬಂದಿದ್ದರು, ಯಾರಿಗೆ ಜ್ವರ.